ಡಾಕ್ಟ್ರನ್ನು ಕೇಳಿ: ಅಸಲಿ ಮುಧೋಳ ನಾಯಿಮರಿ ಎಲ್ಲಿ ಸಿಗುತ್ತದೆ?

ಮೈಸೂರು ಸದಸ್ಯ: ನಮಸ್ಕಾರ ಡಾಕ್ಟ್ರೇ. ಜಾತಿ ಮುಧೋಳ ಮರಿ ಬೇಕಿತ್ತು. ಇನ್‌ಸ್ಟಾಗ್ರಾಮಲ್ಲಿ ನೂರೆಂಟು ಜನ ಮಾರುತ್ತಾರೆ, ಎಲ್ಲರೂ ನಮ್ಮದೇ ಅಸಲಿ ಅನ್ನುತ್ತಾರೆ. ಯಾರನ್ನು ನಂಬೋದು?

ಪಶುವೈದ್ಯರು: ಮೊದಲು ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಮುಧೋಳದ ಹತ್ತಿರವೇ ಇದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು. ಕಾಯಬೇಕಾದರೆ ಕಾಯಿರಿ. ಸುತ್ತಲಿನ ಹಳ್ಳಿಗಳಲ್ಲೂ ಸಾಕುವವರಿದ್ದಾರೆ, ಆದರೆ ಖುದ್ದಾಗಿ ಹೋಗಿ ತಾಯಿಯನ್ನು ನೋಡಿ, ಸಾಧ್ಯವಾದರೆ ತಂದೆಯನ್ನೂ. ಎಳೇ ಮರಿಯ ಮುಖ ನೋಡಿ ಜಾತಿ ಹೇಳುತ್ತೇನೆ ಅನ್ನುವವನನ್ನು ನಂಬಬೇಡಿ. ಆ ವಯಸ್ಸಿನಲ್ಲಿ ಬೆರಕೆ ಮರಿಯೂ ಹಾಗೇ ಕಾಣುತ್ತದೆ. ಉದ್ದ ಮೂತಿ, ಆಳದ ಎದೆ, ಒಳಗೆ ಸೇರಿದ ಹೊಟ್ಟೆ, ಇವೆಲ್ಲ ಎದ್ದು ಕಾಣೋದು ಬೆಳೆದ ನಾಯಿಯಲ್ಲಿ.

ಹಾಸನ ಸದಸ್ಯ: ರೇಟ್ ಎಷ್ಟು ಸರ್?

ಪಶುವೈದ್ಯರು: ನಾನು ಮಾರುವುದಿಲ್ಲ.

ಬೆಂಗಳೂರು ಸದಸ್ಯೆ: ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಕಾಗದ ಇದ್ದರೆ ಸಾಕಲ್ವಾ ಸರ್?

ಪಶುವೈದ್ಯರು: ಕಾಗದದಲ್ಲಿರುವ ಮೈಕ್ರೋಚಿಪ್ ನಂಬರೂ ಮರಿಯ ಮೈಯೊಳಗಿನ ಚಿಪ್ ನಂಬರೂ ಒಂದೇ ಇರಬೇಕು. ಸ್ಕ್ಯಾನರ್ ಹಿಡಿದು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ.

ಗದಗ ಸದಸ್ಯ: ಉದ್ದ ಕೂದಲಿನ ಪಶ್ಮಿ ಮರಿ ಈಗಲೂ ಸಿಗುತ್ತಾವೇನ್ರೀ?

ತುಮಕೂರು ಸದಸ್ಯ: ಸರ್ ಅರ್ಜೆಂಟ್. ಆನ್‌ಲೈನಲ್ಲಿ ನೋಡಿ ಮರಿ ತರಿಸಿದೆವು, 35 ದಿನದ್ದು, ರಾತ್ರಿ ಬಸ್ಸಲ್ಲಿ ಕಳಿಸಿದರು. ಎರಡು ಲಸಿಕೆ ಆಗಿದೆ ಅಂದಿದ್ದರು. ಬಂದು ಮೂರು ದಿನ. ನಿನ್ನೆಯಿಂದ ತಿನ್ನುತ್ತಿಲ್ಲ, ವಾಂತಿ, ಭೇದಿಯಲ್ಲಿ ರಕ್ತ, ಕೆಟ್ಟ ವಾಸನೆ.

ಪಶುವೈದ್ಯರು: ಇದನ್ನು ಓದುತ್ತಾ ಕೂರಬೇಡಿ, ಮರಿ ಎತ್ತಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ಪಾರ್ವೊ ಇರಬಹುದು, ಮರಿಗಳ ಕರುಳಿಗೆ ತಗಲುವ ವೈರಸ್ ರೋಗ. ಮಲದ ಸ್ಯಾಂಪಲ್‌ನಿಂದ ಅಲ್ಲೇ ಟೆಸ್ಟ್ ಮಾಡುತ್ತಾರೆ. ಇದಕ್ಕೆ ಇದೇ ಔಷಧಿ ಅಂತ ಒಂದಿಲ್ಲ, ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ಆ್ಯಂಟಿಬಯಾಟಿಕ್ ಕೊಟ್ಟು ಮರಿಯನ್ನು ಉಳಿಸಿಕೊಳ್ಳಬೇಕು, ಅದಕ್ಕೇ ಪ್ರತಿ ಗಂಟೆಯೂ ಲೆಕ್ಕ. ವಾಂತಿ ಮಾಡುವ ಮರಿಗೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಈ ವೈರಸ್ ಮೈಗೆ ಹೊಕ್ಕು ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಹಾಗಾಗಿ ಪಾರ್ವೊ ಆಗಿದ್ದರೆ ಮರಿ ಅದನ್ನು ಹೊತ್ತುಕೊಂಡೇ ಬಂದಿರುವ ಸಂಭವ ಜಾಸ್ತಿ. ಇನ್ನು ಆ ಎರಡು ಲಸಿಕೆಯ ಮಾತು. ಪಾರ್ವೊ ಲಸಿಕೆ ಶುರುವಾಗೋದೇ 6-8 ವಾರಕ್ಕೆ, ಆಮೇಲೆ 16 ವಾರದವರೆಗೆ ಮತ್ತೆ ಮತ್ತೆ ಕೊಡಬೇಕು. 35 ದಿನಕ್ಕೆ ಎರಡು ಆಗಿದೆ ಅಂದರೆ ಅಲ್ಲೇ ಅನುಮಾನ ಬರಬೇಕು. ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್, ವೈದ್ಯರ ಸಹಿ, ನೋಂದಣಿ ನಂಬರು ಇದೆಯಾ ನೋಡಿ. ನಾಯಿ ತಳಿ ಸಾಕಣೆ, ಮಾರಾಟದ 2017ರ ಕೇಂದ್ರ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ.

ದಾವಣಗೆರೆ ಸದಸ್ಯ: ಅರಿಶಿನ, ಮೊಟ್ಟೆ ಬಿಳಿ, ಬೆಳ್ಳುಳ್ಳಿ ರಸ ಕೊಡಿ, ಒಂದೇ ದಿನದಲ್ಲಿ ಗುಣ. ಫಾರ್ವರ್ಡ್ ಬಂದಿತ್ತು.

ಪಶುವೈದ್ಯರು: ಬೆಳ್ಳುಳ್ಳಿ ನಾಯಿಗೆ ವಿಷ, ರಕ್ತದ ಕಣ ಒಡೆಯುತ್ತದೆ. ಮೊದಲೇ ರಕ್ತ ಹೋಗುತ್ತಿರುವ ಮರಿಗೆ ಅದನ್ನು ಕೊಡಿ ಅನ್ನುತ್ತೀರಲ್ಲ! ಈ ಫಾರ್ವರ್ಡ್ ನಂಬಿ ಎರಡು ದಿನ ಕಳೆದು ಕೊನೆಗೆ ನಮ್ಮ ಟೇಬಲ್ ಮೇಲೆ ತಂದು ಮಲಗಿಸುತ್ತಾರೆ. ಅಳಿಸಿ.

ದಾವಣಗೆರೆ ಸದಸ್ಯ: ನಮ್ಮ ಅಜ್ಜ ಹೀಗೇ ಗುಣ ಮಾಡುತ್ತಿದ್ದರು.

ಧಾರವಾಡ ಸದಸ್ಯೆ: ಅಷ್ಟಕ್ಕೂ ಜಾತಿ ನಾಯಿನೇ ಯಾಕ್ರೀ ಬೇಕು? ಬೀದಿಯಲ್ಲಿ ಎಷ್ಟು ಮರಿ ಬಿದ್ದಿರುತ್ತಾವೆ, ಒಂದನ್ನ ಸಾಕಿ.

ಬಾಗಲಕೋಟೆ ಸದಸ್ಯ: ಅಕ್ಕಾ, ಮುಧೋಳ ಅಂದರೆ ಸುಮ್ನೆ ಅಲ್ಲ. 2005ರಲ್ಲಿ ಅಂಚೆ ಚೀಟಿ ಬಂದಿದೆ, ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದಾರೆ.

ಧಾರವಾಡ ಸದಸ್ಯೆ: ಅಂಚೆ ಚೀಟಿ ಬಂತು ಅಂತ ಬೆಂಗಳೂರಿನ ಫ್ಲಾಟಲ್ಲಿ ಕಟ್ಟಿ ಹಾಕೋದಾ? ಓಡೋ ನಾಯಿ ಅದು.

ಬಾಗಲಕೋಟೆ ಸದಸ್ಯ: ಫ್ಲಾಟಿನವರಿಗೆ ಕೊಡಿ ಅಂತ ಯಾರು ಹೇಳಿದರು? ನೀವು ಮುಧೋಳಕ್ಕೆ ಬಂದು ನೋಡಿದ್ದೀರಾ ಒಂದು ಸಲನಾದರೂ?

ಸೊಲ್ಲಾಪುರ ಸದಸ್ಯ: ನಮ್ಮ ಕಡೆ ಇದನ್ನೇ ಕಾರವಾನಿ ಅನ್ನುತ್ತಾರೆ. ನಿಮ್ಮದೊಂದೇ ಅಲ್ಲ.

ಬಾಗಲಕೋಟೆ ಸದಸ್ಯ: ಶುರುವಾಯಿತು ನೋಡಿ.

ಪಶುವೈದ್ಯರು: ಜಗಳ ಬೇರೆ ಕಡೆ ಆಡಿ. ಇಲ್ಲಿ ಒಂದು ಮರಿ ಸಾಯುತ್ತಿದೆ.

ಶಿವಮೊಗ್ಗ ಸದಸ್ಯ: ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಹಚ್ಚಬಹುದಾ?

ಪಶುವೈದ್ಯರು: ನೀವು ಹಚ್ಚಿಕೊಳ್ಳುತ್ತೀರಾ? ನೆಕ್ಕಿದರೆ ವಿಷ, ಚರ್ಮವೂ ಸುಡುತ್ತದೆ. ಬೇಡ.

ತುಮಕೂರು ಸದಸ್ಯ: ಸರ್, ಟೆಸ್ಟ್ ಪಾಸಿಟಿವ್. ಡ್ರಿಪ್ ಹಾಕಿದ್ದಾರೆ. ಮಾರಿದವನು ನಂಬರ್ ಬ್ಲಾಕ್ ಮಾಡಿದ್ದಾನೆ.

ಪಶುವೈದ್ಯರು: ಚಾಟ್, ದುಡ್ಡು ಕಳಿಸಿದ ದಾಖಲೆ, ಬಸ್ಸಿನ ರಸೀದಿ ಎಲ್ಲ ಇಟ್ಟುಕೊಳ್ಳಿ, ದೂರು ಕೊಡಲು ಬೇಕಾಗುತ್ತದೆ. ಮರಿ ಮಲಗಿದ್ದ ಗೋಣಿ, ಬಟ್ಟೆ ಸುಟ್ಟುಬಿಡಿ. ನೆಲ ತೊಳೆದು ಆಮೇಲೆ ಮನೆಬಳಕೆಯ ದ್ರವ ಬ್ಲೀಚ್ ಹಾಕಿ, ಒಂದು ಪಾಲಿಗೆ 30 ಪಾಲು ನೀರು, ಹತ್ತು ನಿಮಿಷ ಹಾಗೇ ಬಿಡಿ. ಫಿನೈಲ್ ನಂಬಬೇಡಿ. ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಲಸಿಕೆ ಪೂರ್ತಿ ಆಗದ ಬೇರೆ ಮರಿಯನ್ನು ಆ ಮನೆಗೆ ತರಬೇಡಿ. ರಾತ್ರಿ ಹೇಗಿದೆ ತಿಳಿಸಿ.

ಕೋಲಾರ ಸದಸ್ಯ: ಸರ್ ಮುಧೋಳ ಮರಿ ರೇಟ್ ಎಷ್ಟು?

ಪಶುವೈದ್ಯರು: ಮೇಲೆ ಓದಿ.

ಕೋಲಾರ ಸದಸ್ಯ: ಮೇಲೆ ರೇಟ್ ಹಾಕಿಲ್ಲ ಸರ್.