ಮುಂಗಡ ಶುಲ್ಕ ಕೊಟ್ಟ ಕ್ಲೈಂಟ್ ವರ್ಷದ ಮಧ್ಯೆ ಹೊರಟರೆ ಏನೇನು ಮುಗಿಸಬೇಕು?

ಮೈಸೂರು_ಆರ್‌ಐಎ: ನಮ್ಮದು ಸೆಬಿ (ಷೇರುಪೇಟೆ ನಿಯಂತ್ರಕ) ನೋಂದಾಯಿತ ಹೂಡಿಕೆ ಸಲಹಾ ಕಚೇರಿ (ಆರ್‌ಐಎ). ಒಂದು ಕುಟುಂಬ ವರ್ಷದ ಶುಲ್ಕ ₹60,000, ಮೇಲೆ 18% ಜಿಎಸ್‌ಟಿ ಮುಂಗಡ ಕಟ್ಟಿದೆ. ನಾಲ್ಕು ತಿಂಗಳು ಮುಗಿದ ಮೇಲೆ ಬಿಡುತ್ತೇವೆ ಅಂತ ಮೇಲ್ ಹಾಕಿದ್ದಾರೆ. ಎಷ್ಟು ವಾಪಸ್ ಕೊಡಬೇಕು? ಅವರ ಎಸ್‌ಐಪಿಗಳನ್ನು (ಮ್ಯೂಚುಯಲ್ ಫಂಡಿಗೆ ತಾನಾಗಿ ಹೋಗುವ ಕಂತುಗಳು) ನಾವೇ ನಿಲ್ಲಿಸಬೇಕೇ? ಪ್ಯಾನ್, ಆಧಾರ್ ಪ್ರತಿಗಳನ್ನು ಅಳಿಸಬಹುದೇ?

ಲೆಕ್ಕಪಕ್ಕಾ: ಉಳಿದ ಎಂಟು ತಿಂಗಳಿಗೆ ₹40,000 ಆಯಿತು. ಸೆಬಿ ನಿಯಮದಂತೆ ಬ್ರೇಕೇಜ್ ಶುಲ್ಕವಾಗಿ (ಅವಧಿಗೆ ಮುನ್ನ ಬಿಟ್ಟಿದ್ದಕ್ಕೆ ಹಿಡಿಯುವ ಮೊತ್ತ) ಹೆಚ್ಚೆಂದರೆ ಒಂದು ತ್ರೈಮಾಸಿಕದ ಶುಲ್ಕ, ಅಂದರೆ ₹15,000 ಹಿಡಿಯಬಹುದು. ಮಿಕ್ಕ ₹25,000, ಅದರ ಜಿಎಸ್‌ಟಿ ₹4,500, ಒಟ್ಟು ₹29,500 ವಾಪಸ್. ₹15,000 ಗರಿಷ್ಠ ಮಿತಿ, ಹಿಡಿಯಲೇಬೇಕು ಅಂತಿಲ್ಲ. ಒಪ್ಪಂದದಲ್ಲಿ ಆ ಷರತ್ತೇ ಇಲ್ಲದಿದ್ದರೆ ಪೂರ್ತಿ ₹40,000 ತೆರಿಗೆ ಸಮೇತ ಕೊಟ್ಟುಬಿಡಿ. ಇಷ್ಟು ದುಡ್ಡಿಗೆ ಸೆಬಿಯ ದೂರು ಪೋರ್ಟಲ್ ಸ್ಕೋರ್ಸ್‌ನಲ್ಲಿ ದೂರು ಬಂದರೆ ಉತ್ತರ ಬರೆಯೋ ಶ್ರಮವೇ ಜಾಸ್ತಿ.

ಬರೀ ಹಣ ವರ್ಗಾಯಿಸಿ ಸುಮ್ಮನಾಗಬೇಡಿ, ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ದಾಖಲೆ) ಕೊಡಿ. ಮೂಲ ಬಿಲ್ಲಿನ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅದು ಜಿಎಸ್‌ಟಿ ರಿಟರ್ನ್‌ನಲ್ಲಿ ಬರದಿದ್ದರೆ ಆ ₹4,500 ನಿಮ್ಮ ಕೈಯಿಂದಲೇ ಹೋಗುತ್ತದೆ.

ಫೋಲಿಯೊ_ನೋಡಿ: ಎಸ್‌ಐಪಿ ತಾನಾಗಿ ನಿಲ್ಲಲ್ಲ, ನೀವಾಗಿ ನಿಲ್ಲಿಸಲೂಬೇಡಿ. ಯೂನಿಟ್‌ಗಳಿರೋದು ಫಂಡ್ ಹೌಸಿನಲ್ಲಿ ಅವರ ಹೆಸರಿನ ಫೋಲಿಯೊದಲ್ಲಿ (ಖಾತೆ), ನಿಮ್ಮ ಹತ್ತಿರ ಅಲ್ಲ. ಯಾವ ಫಂಡ್, ಎಷ್ಟು, ತಿಂಗಳ ಯಾವ ತಾರೀಕು, ಯಾವ ಬ್ಯಾಂಕಿನ ಮ್ಯಾಂಡೇಟ್ (ಹಣ ಕಡಿತಕ್ಕೆ ಕೊಟ್ಟ ಅನುಮತಿ) ಅಂತ ಒಂದು ಹಾಳೆ ಮಾಡಿ ಕಳಿಸಿ, ಯಾವುದು ಮುಂದುವರಿಯಬೇಕು ಅಂತ ಅವರಿಂದ ಬರಹದಲ್ಲೇ ತಗೊಳ್ಳಿ. ಬೇಡ ಅಂದದ್ದನ್ನು ಎಸ್‌ಐಪಿ ಮಟ್ಟದಲ್ಲೇ ರದ್ದು ಮಾಡಿಸಿ. ಬ್ಯಾಂಕಿನಲ್ಲಿ ಮ್ಯಾಂಡೇಟ್ ಮಾತ್ರ ತೆಗೆಸಿದರೆ ಮಾಸಿಕ ಎಸ್‌ಐಪಿಯ ಕಂತು ಸತತ ಮೂರು ಸಲ ವಿಫಲವಾಗೋವರೆಗೂ ಅದು ಜೀವಂತ ಇರುತ್ತದೆ. ಮಧ್ಯೆ ಬ್ಯಾಂಕ್ ದಂಡ ಹಾಕಿದರೆ ಬೈಗುಳ ನಿಮಗೇ.

ಇನ್ನೊಂದು ಮಾತು ಬರೆದೇ ಕೊಡಿ: ಮುಂದೆ ಯಾರೋ ಡೈರೆಕ್ಟ್‌ನಿಂದ (ಏಜೆಂಟ್ ಕಮಿಷನ್ ಇಲ್ಲದ್ದು) ರೆಗ್ಯುಲರ್ ಪ್ಲಾನಿಗೆ (ಕಮಿಷನ್ ಇರೋದು) ಸ್ವಿಚ್ ಮಾಡಿಸಿದರೆ ತೆರಿಗೆಯ ಲೆಕ್ಕದಲ್ಲಿ ಅದು ಮಾರಾಟವೇ. ಈಕ್ವಿಟಿ ಫಂಡ್ ವರ್ಷದೊಳಗಿನದಾದರೆ ಲಾಭದ ಮೇಲೆ 20%, ಹಳೆಯದಾದರೆ ವರ್ಷಕ್ಕೆ ₹1.25 ಲಕ್ಷ ದಾಟಿದ ಲಾಭಕ್ಕೆ 12.5%. ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಫಂಡ್ ಹಿಡಿಯುವ ಶುಲ್ಕ) ಇದ್ದರೆ ಅದೂ ಸೇರುತ್ತದೆ.

ಕಡತ_ಕಪಾಟು: ಅಳಿಸಬೇಡಿ. ಕೆವೈಸಿ, ರಿಸ್ಕ್ ಪ್ರೊಫೈಲ್, ಕೊಟ್ಟ ಸಲಹೆ ಮತ್ತು ಅದರ ಕಾರಣ, ಒಪ್ಪಂದ ಎಲ್ಲ ಕನಿಷ್ಠ 5 ವರ್ಷ ಇಡಬೇಕು, ವ್ಯಾಜ್ಯ ಇದ್ದರೆ ಅದು ತೀರೋವರೆಗೆ. 2023ರ ಡಿಪಿಡಿಪಿ (ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆಯೂ ಕಾನೂನು ಇಡಲು ಹೇಳಿದ್ದನ್ನು ಅಳಿಸಿ ಅನ್ನೋದಿಲ್ಲ. ಮುಚ್ಚಬೇಕಾದ್ದು ಅವರ ಮಾಹಿತಿಗೆ ನಿಮಗಿರೋ ಪ್ರವೇಶ. ಸಿಎಎಸ್ (ಎಲ್ಲ ಫಂಡ್ ಹೂಡಿಕೆಗಳ ಒಟ್ಟು ವಿವರಪಟ್ಟಿ) ನಿಮ್ಮ ಇಮೇಲ್‌ಗೆ ಬರೋದು, ಅಕೌಂಟ್ ಅಗ್ರಿಗೇಟರ್ (ಖಾತೆಗಳ ಮಾಹಿತಿ ಹಂಚುವ ಸೇವೆ) ಒಪ್ಪಿಗೆ, ವಾಟ್ಸಾಪ್‌ನಲ್ಲಿ ಬಿದ್ದಿರೋ ಪಾಸ್‌ವರ್ಡ್‌ಗಳು. ಫೋಲಿಯೊಗಳಲ್ಲಿ ಸಂಪರ್ಕಕ್ಕೆ ನಿಮ್ಮ ಕಚೇರಿಯ ನಂಬರ್ ಇದೆಯೇ ಅಂತಲೂ ನೋಡಿ. ಇದ್ದರೆ ಮೊದಲು ಅದನ್ನೇ ಬದಲಿಸಲು ಹೇಳಿ, ಇಲ್ಲವಾದರೆ ಒಟಿಪಿ ನಿಮಗೇ ಬರುತ್ತಾ ಇರುತ್ತದೆ.

ಮೈಸೂರು_ಆರ್‌ಐಎ: ಷರತ್ತು ಒಪ್ಪಂದದಲ್ಲಿದೆ, ₹29,500ಕ್ಕೆ ಕ್ರೆಡಿಟ್ ನೋಟ್ ಹಾಕಿಸುತ್ತೇನೆ. ಅರ್ಧಕ್ಕೆ ನಿಂತ ಟರ್ಮ್ ಪಾಲಿಸಿ ಶಿಫಾರಸು ಒಂದಿದೆ, ಅದನ್ನೇನು ಮಾಡೋದು?

ಕಡತ_ಕಪಾಟು: ಕೊನೆಯ ಪತ್ರದಲ್ಲಿ ಸಲಹೆ ನಿಲ್ಲುವ ತಾರೀಕಿನ ಕೆಳಗೇ "ಈ ಶಿಫಾರಸು ಜಾರಿಯಾಗಿಲ್ಲ" ಅಂತ ಬರೆದು, ಸಿಕ್ಕಿದೆ ಅಂತ ಅವರ ಉತ್ತರ ತರಿಸಿ ಕಡತಕ್ಕೆ ಸೇರಿಸಿ.