ಫುಟ್ ಟರ್ಮಿನಲ್ ಅನ್ನು ಡೀಮನ್ (ಹಿನ್ನೆಲೆಯಲ್ಲಿ ಸದಾ ನಡೆಯುವ ಪ್ರೋಗ್ರಾಂ) ಆಗಿ ಓಡಿಸುವುದು ಸೂಕ್ತವೇ?

ಪ್ರಶ್ನೆ: ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ವೇಲ್ಯಾಂಡ್ (ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆ) ಮತ್ತು ಆಜ್ಞೆಗಳನ್ನು ಟೈಪಿಸಲು ಫುಟ್ ಟರ್ಮಿನಲ್ ಬಳಸುತ್ತಿದ್ದೇನೆ. ಪ್ರತಿ ಟರ್ಮಿನಲ್ ವಿಂಡೋಗೂ ಬೇರೆ ಪ್ರೊಸೆಸ್ ಹುಟ್ಟುವ ಬದಲು ಹಿನ್ನೆಲೆಯ ಒಂದೇ ಸರ್ವರ್ ಎಲ್ಲವನ್ನೂ ನಡೆಸಿದರೆ ಮೆಮೊರಿ ಉಳಿಯುವುದೇ?

ಉತ್ತರ 1: ಉಳಿಯುತ್ತದೆ. ಫಾಂಟ್ ಸಂಗ್ರಹವನ್ನು ಎಲ್ಲ ವಿಂಡೋಗಳೂ ಹಂಚಿಕೊಳ್ಳುವುದರಿಂದ ಹೊಸ ವಿಂಡೋ ಕೂಡ ಬೇಗ ತೆರೆಯುತ್ತದೆ. ಲಾಗಿನ್ ಆದಾಗ ‘ಫುಟ್ --ಸರ್ವರ್’ ಆರಂಭಿಸಿ, ಶಾರ್ಟ್‌ಕಟ್ ಕೀಲಿಗೆ ‘ಫುಟ್‌ಕ್ಲೈಂಟ್’ ಜೋಡಿಸಿದರೆ ಸಾಕು.

ಉತ್ತರ 2: ಆದರೆ ಸರ್ವರ್ ಕುಸಿದರೆ ಎಲ್ಲ ವಿಂಡೋಗಳೂ ಒಟ್ಟಿಗೆ ಹೋಗುತ್ತವೆ, ಒಂದರಲ್ಲಿ ಕಂಪೈಲರ್ ಸಂದೇಶಗಳು ಒಂದೇ ಸಮನೆ ಸುರಿಯುತ್ತಿದ್ದರೆ ಉಳಿದವೂ ತಡವರಿಸಬಹುದು. ಮುಖ್ಯ ಕೆಲಸವನ್ನು, ತನ್ನದೇ ಸರ್ವರ್ ಇರುವ ಟಿಮಕ್ಸ್ (ವಿಂಡೋ ಮುಚ್ಚಿದರೂ ಟರ್ಮಿನಲ್ ಕೆಲಸವನ್ನು ಉಳಿಸುವ ಪ್ರೋಗ್ರಾಂ) ಒಳಗೆ ನಡೆಸುವುದು ಲೇಸು.

ಉತ್ತರ 3: ಟಿಮಕ್ಸ್ ಇದ್ದರೂ ಎಚ್ಚರ ಬೇಕು. ಫುಟ್ ಸರ್ವರನ್ನು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆ ಸೇವೆಗಳನ್ನು ನಿರ್ವಹಿಸುವ ವ್ಯವಸ್ಥೆ) ಸೇವೆಯಾಗಿ ಆರಂಭಿಸಿದ್ದರೆ, ಅದರೊಳಗೆ ಹುಟ್ಟಿದ ಟಿಮಕ್ಸ್ ಅದೇ ಸಿಗ್ರೂಪಿಗೆ (ಒಟ್ಟಾಗಿ ನಿರ್ವಹಿಸುವ ಪ್ರೊಸೆಸ್‌ಗಳ ಗುಂಪಿಗೆ) ಸೇರುವುದರಿಂದ, ಸೇವೆ ನಿಂತಾಗ ಅದೂ ಕೊನೆಗೊಳ್ಳಬಹುದು. ಟಿಮಕ್ಸನ್ನು ‘ಸಿಸ್ಟಮ್‌ಡಿ-ರನ್ --ಯೂಸರ್ --ಸ್ಕೋಪ್’ ಮೂಲಕ ಪ್ರತ್ಯೇಕವಾಗಿ ಆರಂಭಿಸಿ.