‘ಬಾರ್’ ಒಂದ ಶಬ್ದನೋ, ಎರಡೋ? ಸಳಿ, ವಕೀಲರು, ಸೆರೆ ಅಂಗಡಿ, ಪ್ರೆಶರ್ ಗೇಜ್

ಸಪ್ತಾಪುರ:
ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಶಬ್ದಗಳ ಹಾಳಿ ತಯಾರ್ ಮಾಡಾಕತ್ತೇನಿ. ಸ್ಲ್ಯಾಬಿಗೆ ಹಾಕೋ ಸಳಿಗೂ ಬಾರ್, ಸೆರೆ ಅಂಗಡಿಗೂ ಬಾರ್, ವಕೀಲರಿಗೂ ಬಾರ್, ಡ್ರಿಪ್ ನೀರಾವರಿಯ ಒತ್ತಡ ತೋರ್ಸೋ ಗೇಜಿನ ಮ್ಯಾಲೂ ಬಾರ್. ಎಲ್ಲಾ ಒಂದ ಬೇರಿನವೇನ್ರಿ? ಗೇಜಿನ ಬಾರ್ ನಮ್ಮ ‘ಭಾರ’ದಿಂದ ಹೋಗಿದ್ದು ಅಂತಾರಲ್ಲ, ಅದು ಖರೇನಾ? ‘ಬ್ಯಾರಿಕೇಡ್’ನೂ ಇದರಾಗ ಸೇರಸ್ಲೇನು?

ಮಾಳಮಡ್ಡಿ:
ಮೊದಲ ಮೂರು ಒಂದ ಶಬ್ದ, ಗೇಜಿಂದು ಬ್ಯಾರೆ. ಹಾಳಿಯೊಳಗ ಎರಡು ಕಾಲಮ್ ಮಾಡ್ರಿ.

ಮೊದಲನೇದರ ಮೂಲ ಹಳೆ ಫ್ರೆಂಚ್. ಬಾಗಲಕ್ಕ, ದಾರಿಗೆ ಅಡ್ಡ ಹಾಕೋ ಉದ್ದನ ದಂಡಕ್ಕ ಅಲ್ಲಿ ಬಾರ್ ಅಂತಿದ್ರು. 12ನೇ ಶತಮಾನದಾಗ ಇಂಗ್ಲಿಷಿಗೆ ಬಂತು. ಅದರಾಗ ಮೊದಲಿಂದನೂ ಎರಡು ಅರ್ಥ ಕೂಡೇ ಅದಾವ: ಉದ್ದನ ಸಳಿ, ಮತ್ತ ತಡೆ. ಈ ಎರಡನ್ನ ಹಿಡಕೊಂಡ್ರ ಉಳಿದಿದ್ದೆಲ್ಲ ತಾನ ಬಿಚ್ಚಿಕೋತದ. ಇಂಗ್ಲೆಂಡಿನ ಕೋರ್ಟಿನಾಗ ನ್ಯಾಯಾಧೀಶರನ್ನೂ ಮಂದಿಯನ್ನೂ ಬ್ಯಾರೆ ಮಾಡಲಿಕ್ಕೆ ಕಟಗಿ ಅಡ್ಡಗಟ್ಟು ಇರ್ತಿತ್ತು. ಅಲ್ಲಿ ನಿಂತು ವಾದ ಮಾಡೋ ಹಕ್ಕಿದ್ದಾಂವ ಬ್ಯಾರಿಸ್ಟರ್, ಅಂಥವರೆಲ್ಲಾ ಕೂಡಿ ಬಾರ್. ಎದುರಿಗೆ ನ್ಯಾಯಾಧೀಶರು ಕೂಡೋದು ಬೆಂಚ್. ಧಾರವಾಡಕ್ಕ 2008ರಾಗ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಾಗ ಕಾಯಂ ಆತಲ್ಲ, ಆ ‘ಪೀಠ’ ಅನ್ನೋದು ಬೆಂಚಿನ ನೇರ ಕನ್ನಡ. ಬಾರಿಗೆ ಹಂಗ ನೇರ ಕನ್ನಡ ಆಗಲಿಲ್ಲ, ವಕೀಲರ ಸಂಘ ಅಂತ ಅರ್ಥ ಬಿಡಿಸಿ ಹೇಳ್ತೀವಿ.

ಸೆರೆ ಅಂಗಡಿದೂ ಅಡ್ಡಗಟ್ಟೇ. 16ನೇ ಶತಮಾನದ ಕೊನಿಗೆ ಸೆರೆ ಕೊಡೋ ಕಟ್ಟಿಗಷ್ಟ ಆ ಹೆಸರು ಇತ್ತು, ಆಮ್ಯಾಲ ಇಡೀ ಅಂಗಡಿಗೆ ಹತ್ತಿತು.

‘ಟೈಮ್ ಬಾರ್’ ಬಿಡಬ್ಯಾಡ್ರಿ, ಮಕ್ಕಳ ಮನ್ಯಾಗ ದಿನಾ ಕೇಳೋ ಮಾತದು. ಇಲ್ಲಿ ಬಾರ್ ಅಂದ್ರ ತಡೆ, ಮುದ್ದತ್ತು ಮುಗದು ದಾವೆಗೆ ಬೀಳೋ ತಡೆ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಕೈಗಡ ವಸೂಲಿಗೆ ಸಾಮಾನ್ಯವಾಗಿ 3 ವರ್ಷದೊಳಗ ದಾವೆ ಹಾಕಬೇಕು. ತಪ್ಪಿದ್ರ ಎದುರಿನಾಂವ ತಕರಾರು ಮಾಡದಿದ್ರೂ ಕೋರ್ಟು ದಾವೆ ವಜಾ ಮಾಡಬೇಕಾಗ್ತದ. ಸಾಲಗಾರ ‘ಬಾಕಿ ಖರೇ’ ಅಂತ ಬರದು ಸಹಿ ಹಾಕಿದ್ರ ಆ ದಿನದಿಂದ ಹೊಸಾ 3 ವರ್ಷ ಸುರು. ಆದ್ರ ಆ ಸಹಿ ಹಳೆ ಮುದ್ದತ್ತು ಮುಗಿಯೋದ್ರೊಳಗ ಬಿದ್ದಿರಬೇಕು.

ಅಮರಗೋಳ:
ಗೇಜಿನ ಬಾರ್ ಗ್ರೀಕಿನ ‘ಬಾರೋಸ್’, ಅಂದ್ರ ತೂಕ. ಬ್ಯಾರೋಮೀಟರಿನ ಬ್ಯಾರೋನೂ ಅದ. ಒತ್ತಡದ ಮಾನಕ್ಕ ಈ ಹೆಸರು ತಂದಾಂವ ನಾರ್ವೆ ದೇಶದ ಹವಾಮಾನ ವಿಜ್ಞಾನಿ ಬ್ಯರ್ಕ್‌ನೆಸ್.

‘ಭಾರ’ದಿಂದ ಹೋಗಿದ್ದು ಅನ್ನೋದು ತಪ್ಪು. ಧ್ವನಿ ಕೂಡ್ತದ, ಬೇರು ಕೂಡಂಗಿಲ್ಲ. ಗ್ರೀಕಿನ ಬಾರೋಸಿಗೆ ಸಂಸ್ಕೃತದಾಗ ಖರೇ ಸಂಬಂಧಿ ‘ಗುರು’, ವಜ್ಜಾ ಅನ್ನೋ ಅರ್ಥದ್ದು. ಲ್ಯಾಟಿನ್ನಿನ ‘ಗ್ರಾವಿಸ್’ ಅದರ ತಮ್ಮ. ಹಂಗಾಗಿ ಗುರುತ್ವ, ಗ್ರಾವಿಟಿ, ಗೇಜಿನ ಬಾರ್ ಮೂರೂ ಒಂದ ಮನಿತನ. ‘ಭಾರ’ದ ಬಳಗ ಬ್ಯಾರೆ: ಹೊರು ಅನ್ನೋ ಅರ್ಥದ ಇಂಗ್ಲಿಷಿನ ‘ಬೇರ್’, ಹೊರೆ ಅನ್ನೋ ಫಾರಸಿಯ ‘ಬಾರ್’. ಎಪಿಎಂಸಿಯಾಗ ಖಾಲಿ ಚೀಲಕ್ಕ ಬಾರದಾನ ಅಂತೀವಲ್ಲ, ಅದು ಆ ಫಾರಸಿ ಬಾರಿಂದ ಬಂದದ್ದು, ಹೊರೆ ತುಂಬೋ ಸಾಮಾನು ಅಂತ. ಇದನ್ನ ಹಾಳಿಯೊಳಗ ಹಾಕ್ರಿ, ಬ್ಯಾಡಗಿ ಕಡೆ ಮಕ್ಕಳಿಗೆ ತಟ್ಟನ ತಿಳೀತದ.

ಲೆಕ್ಕದಾಗ ಮಕ್ಕಳು ಎಡವೋ ಜಾಗಾ: 1 ಬಾರ್ ಅಂದ್ರ 1,00,000 ಪಾಸ್ಕಲ್, ಸುಮಾರು 14.5 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಮಾನ). ಸಮುದ್ರಮಟ್ಟದ ಗಾಳಿ ಒತ್ತಡ 1.013 ಬಾರ್, ನಮ್ಮ ಹುಬ್ಬಳ್ಳಿ ಎತ್ತರಕ್ಕ ಸುಮಾರು 0.93. ಗೇಜು ಈ ಗಾಳಿ ಒತ್ತಡ ಬಿಟ್ಟು ತೋರಸ್ತದ, ಅದಕ್ಕ ಪಂಪ್ ಬಂದ್ ಇದ್ದಾಗ ಸೊನ್ನೆ.

ಹಾನಗಲ್ ತೋಟ:
ಗೇಜಿನ ಮಾತು ಬಂತಂತ ಒಂದು ಸೇರಸ್ತೀನಿ. ನಮ್ಮಲ್ಲಿ ‘ಒಂದ್ ಕೇಜಿ ಪ್ರೆಶರ್’ ಅಂತಾರ. ಒಂದು ಚದರ ಸೆಂಟಿಮೀಟರಿಗೆ ಒಂದು ಕೇಜಿ, ಅಂದ್ರ 0.98 ಬಾರ್. ಕೆಲಸಕ್ಕ ಎರಡೂ ಒಂದ ಅಂತ ಹಿಡೀಬಹುದು. 10 ಮೀಟರ್ ಎತ್ತರದ ಟಾಕಿ ಕೊಡೋ ಒತ್ತಡನೂ ಅಷ್ಟ. ಡ್ರಿಪ್ಪರುಗಳ ಹರಿವನ್ನ ಸಾಮಾನ್ಯವಾಗಿ 1 ಬಾರಿಗೇ ಲೆಕ್ಕ ಹಾಕಿರ್ತಾರ. ಫಿಲ್ಟರಿನ ಹಿಂದೊಂದು ಮುಂದೊಂದು ಗೇಜ್ ಕೂಡಿಸ್ರಿ. ಎರಡರ ನಡುವ 0.5 ಬಾರ್ ಫರಕು ಬಂತಂದ್ರ ಫಿಲ್ಟರ್ ಕಟ್ಟೇತಿ, ತೊಳೀರಿ. ಡಯಲ್ ಮ್ಯಾಲೆ ಎರಡು ಗೆರಿ ಇದ್ರ ಯಾವುದು ಪಿಎಸ್‌ಐ ಅಂತ ಮೊದಲ ನೋಡ್ರಿ. 15 ಪಿಎಸ್‌ಐ ನೋಡಿ 15 ಬಾರ್ ಅಂತ ಹೆದರಿ ವಾಲ್ವ್ ಬಂದ್ ಮಾಡೋರು ಭಾಳ, ಆಮ್ಯಾಲ ಕೊನಿ ಸಾಲಿಗೆ ನೀರ ಮುಟ್ಟಂಗಿಲ್ಲ.

ಸಪ್ತಾಪುರ:
ಗುರು ಮತ್ತ ಗೇಜು ಒಂದ ಮನಿತನ ಅನ್ನೋದು ನನಗ ಪೂರಾ ಹೊಸದು, ಹಾಳಿಯ ಮ್ಯಾಲೇ ಹಾಕ್ತೀನಿ. ಬ್ಯಾರಿಕೇಡ್ ಉಳೀತಲ್ರಿ?

ಮಾಳಮಡ್ಡಿ:
ಅದನ್ನ ಸೇರಸಬ್ಯಾಡ್ರಿ. ಬ್ಯಾರಿಯರ್ ಬಾರಿನ ಮಗಾ, ಡಿಬಾರ್ ಕೂಡ. ಬ್ಯಾರಿಕೇಡ್ ಮಾತ್ರ ಫ್ರೆಂಚಿನ ‘ಬ್ಯಾರಿಕ್’ನಿಂದ, ಅಂದ್ರ ಪೀಪಾಯಿ. ಪ್ಯಾರಿಸ್ಸಿನ ಓಣಿಯೊಳಗ ಪೀಪಾಯಿಗೆ ಮಣ್ಣು, ಕಲ್ಲು ತುಂಬಿ ದಾರಿ ಕಟ್ತಿದ್ರು, ಅದಕ್ಕ ಆ ಹೆಸರು. ಮೂರನೇ ಕಾಲಮ್ ಮಾಡಿ ಅಲ್ಲಿಡ್ರಿ.